ಧಾರವಾಡಕ್ಕೆ ಕಳಿಸುವ ಮಾತು

ನಾನು ಚಿಕ್ಕವನಿದ್ದಾಗ ನಮ್ಮ ಹುನಗುಂದ ಸೀಮೆಯಲ್ಲಿ ಹುಡುಗರ ಜಗಳಕ್ಕೆ ಕಡೆಯ ಬೈಗಳು ಒಂದೇ: “ನಿನ್ನ ಧಾರವಾಡಕ್ಕ ಕಳಸಬೇಕು ನೋಡು!” ಉಳಿದವರಿಗೆ ಧಾರವಾಡವು ವಿದ್ಯೆಯ ಊರು, ಕವಿಗಳ ಊರು, ಪೇಢೆಯ ಊರು, ನಮಗೆ ಮಾತ್ರ ಹುಚ್ಚಾಸ್ಪತ್ರೆಯ ಊರು. ಈ ಬೈಗಳಿಗೂ ಒಂದು ಚರಿತ್ರೆಯುಂಟು.

ಆ ಆಸ್ಪತ್ರೆ ಹುಟ್ಟಿದ್ದು 1845ರಲ್ಲಿ, ಕುಂಪಣಿ ಸರಕಾರದ ಕಾಲಕ್ಕೆ. ಬಾಗಲಕೋಟೆ, ಬಾದಾಮಿ, ಹುನಗುಂದಗಳೂ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ನಮ್ಮವರಿಗೆ ಅದೇ ಗತಿಯಾಯಿತು. 1880ರ ದಶಕದಲ್ಲಿ ಗದಗ–ಹೋಟಗಿ ರೈಲು ಬಂದು ಬಾದಾಮಿ, ಬಾಗಲಕೋಟೆಯವರಿಗೆ ದಾರಿ ಹತ್ತಿರವಾಯಿತು. ಇಳಕಲ್ಲಿನವರಿಗೆ ಚಕ್ಕಡಿಯೇ ಉಳಿಯಿತು. 1912ರ ಕಾಯಿದೆಯ ಪ್ರಕಾರ ರೋಗಿಯನ್ನು ಒಳಗೆ ಸೇರಿಸಲು ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಹುಕುಂ ಬೇಕಾಗಿತ್ತು. ಬೇನೆ ಬಿದ್ದವನು ಅಪರಾಧಿಯಂತೆ ಕಚೇರಿ ಹತ್ತಬೇಕಾದರೆ ಯಾವ ತಾಯಿ ತಾನೆ ಮಗನನ್ನು ಕಳಿಸಿಯಾಳು? ಮುಂಬಯಿಯಲ್ಲಿ ಟಾಟಾ ಅವರ ಸಮಾಜಕಾರ್ಯ ಶಾಲೆಯು 1937ರಲ್ಲೇ ಮಕ್ಕಳ ಮನಸ್ಸಿಗೆಂದು ಚಿಕಿತ್ಸಾಲಯ ತೆರೆಯಿತು. ನಮ್ಮ ಓಣಿಗೆ ಅದರ ಸುದ್ದಿಯೂ ಮುಟ್ಟಲಿಲ್ಲ.

ಇಳಕಲ್ಲಿನ ಮಗ್ಗದ ಮನೆಯಲ್ಲಿ ನನ್ನ ವಾರಿಗೆಯ ಗೆಳೆಯನೊಬ್ಬನಿದ್ದ. ಹದಿನಾರರ ವಯಸ್ಸಿನಲ್ಲಿ ಮಾತು ಬಿಟ್ಟ, ನಿದ್ದೆ ಬಿಟ್ಟ. ತಾಯಿತ ಕಟ್ಟಿದರು, ಬನಶಂಕರಿಗೆ ಹರಕೆ ಹೊತ್ತರು. ಆಸ್ಪತ್ರೆಯ ಮಾತೆತ್ತಿದಾಗ ಅವನವ್ವ ಕಂಬ ಹಿಡಿದು ಅತ್ತಳು: “ಧಾರವಾಡ ಮಾತ್ರ ಬ್ಯಾಡ್ರೀ, ಇವನ ತಂಗಿಗೆ ವರ ಸಿಗೂದಿಲ್ಲ.” ನಾಲ್ಕು ವರುಷ ಅವನು ಹಿತ್ತಲ ಕೋಣೆಯಲ್ಲಿ ಕಳೆದ. ಕೊನೆಗೆ ಸೋದರಮಾವ ಯಾರಿಗೂ ಹೇಳದೆ ಅಲ್ಲಿಗೇ ಕರೆದೊಯ್ದ. ಔಷಧ ಹತ್ತಿತು; ಮರಳಿ ಮಗ್ಗಕ್ಕೆ ಕೂತ. ಹೋದ ನಾಲ್ಕು ವರುಷ ಮಾತ್ರ ಮರಳಲಿಲ್ಲ. ಅವನಿಗೆ ಆ ಬೈಗಳನ್ನು ಮೊದಲು ಬೈದವನು ನಾನೇ.

ಅದೇ ಇಳಕಲ್ಲಿನಲ್ಲಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಬೇಡಿದ್ದು ಜೋಳವನ್ನಲ್ಲ, ಜನರ ದುಶ್ಚಟಗಳನ್ನು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ನಾಡಿಗೆ ವ್ಯಸನಮುಕ್ತ ದಿನ. ಅವರು ವೈದ್ಯರಲ್ಲ, ಆದರೆ ನೊಂದವನನ್ನು ಹಳಿಯದೆ ಅವನ ಹೊಸ್ತಿಲಿಗೆ ನಾವೇ ಹೋಗಬೇಕೆಂಬುದನ್ನು ತೋರಿಸಿಕೊಟ್ಟರು.

ವೈದ್ಯಶಾಸ್ತ್ರವೂ ಆ ದಾರಿಗೇ ಬಂದಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೇ ಮನೋರೋಗದ ಚಿಕಿತ್ಸೆ ಕಲಿಸಿ ನೋಡಿದರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮೇಲ್ಪಂಕ್ತಿ. 2014ರಲ್ಲಿ ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ದ ಹೆಸರಿನಿಂದ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೇ ಬರುವ ಏರ್ಪಾಡಾಯಿತು. 2017ರ ಕಾಯಿದೆಯಂತೆ ಆಸ್ಪತ್ರೆಯಲ್ಲಿ ಮಕ್ಕಳನ್ನು ದೊಡ್ಡವರಿಂದ ಬೇರೆಯಾಗಿಯೇ ಇರಿಸಬೇಕು, ಜೊತೆಗೆ ಅವರ ಕಡೆಯವರೊಬ್ಬರು ಇರಲೇಬೇಕು. 2022ರಿಂದ 14416ಕ್ಕೆ ಫೋನು ಮಾಡಿದರೆ ‘ಟೆಲಿ ಮಾನಸ್’ನವರು ಹಗಲಿರುಳೂ ಮಾತಾಡುತ್ತಾರೆ. ಧಾರವಾಡದ ಆ ಹಳೆಯ ಆಸ್ಪತ್ರೆಯೂ ಇಂದು ಡಿಮ್ಹಾನ್ಸ್ ಎಂಬ ಬೋಧನ ಸಂಸ್ಥೆ.

ಕಾಯಿದೆ ಬದಲಾಯಿತು, ಹೆಸರೂ ಬದಲಾಯಿತು. ಬೈಗಳು ಮಾತ್ರ ಹಾಗೆಯೇ ಇದೆ. ಮೊನ್ನೆ ನನ್ನ ಮೊಮ್ಮಗ ತನ್ನ ತಮ್ಮನಿಗೆ ಅದನ್ನೇ ಬೈದ. ಹತ್ತಿರ ಕೂಡಿಸಿಕೊಂಡು ಅವನಿಗೆ ನನ್ನ ಗೆಳೆಯನ ಕಥೆ ಹೇಳಿದೆ. ಬೈದವನು ನಾನೆಂಬುದನ್ನೂ ಹೇಳಿದೆ.