ವಿನೋದ ಮತ್ತು ಶ್ರಮ

ಕಳೆದ ದಸರೆಯ ರಜೆಯಲ್ಲಿ, ನನ್ನ ತಂಗಿಯ ಮಕ್ಕಳಿಬ್ಬರು ಮಲ್ಲಕಂಬದ ಪಂದ್ಯದಲ್ಲಿ ಭಾಗವಹಿಸುವುದನ್ನು ನೋಡಲೆಂದು ಗದಗ ಸೀಮೆಯ ಊರೊಂದಕ್ಕೆ ಹೋಗಿದ್ದೆ. ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹನ್ನೊಂದು. ನಾನಾದರೋ ಗರಡಿಯನ್ನು ಪುಸ್ತಕದಲ್ಲಿ ಮಾತ್ರ ಕಂಡವನು. ಹೊರಡುವ ಮುನ್ನ, ಉಪಾಧ್ಯಾಯರ ಚಾಳಿಯಂತೆ, 'ಮಾನಸೋಲ್ಲಾಸ'ವನ್ನು ತಿರುವಿಹಾಕಿದೆ.

'ಅಭಿಲಷಿತಾರ್ಥ ಚಿಂತಾಮಣಿ'ಯೆಂದೂ ಹೆಸರುಳ್ಳ ಈ ಸಂಸ್ಕೃತ ಗ್ರಂಥ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನದು. ಆರನೆಯ ವಿಕ್ರಮಾದಿತ್ಯನ ಮಗನಾದ ಈತ ೧೧೨೬ರಿಂದ ೧೧೩೮ರವರೆಗೆ ಆಳಿದ. ಅಪ್ಪನಂತೆ ಯುದ್ಧಗಳಿಂದ ಹೆಸರಾದವನಲ್ಲ. ಆದರೆ ಅಡುಗೆಯಿಂದ ಆನೆಯವರೆಗೆ ಅವನ ಕಣ್ಣಿಗೆ ಬೀಳದ ವಿಷಯವೇ ವಿರಳ. ಗ್ರಂಥದ ನಾಲ್ಕನೆಯ ವಿಂಶತಿ ಅರಸನ ವಿನೋದಗಳಿಗೆ ಮೀಸಲು. ಮಲ್ಲವಿನೋದ ಬರುವುದು ಅಲ್ಲಿಯೇ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ತರಗತಿಗಳು, ಅವರಿಗೆ ಕೊಡಬೇಕಾದ ಆಹಾರ, ಆಮೇಲೆ ಅವರ ಸಾಧನೆ: ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ. ಈ ಕೊನೆಯದೇ ಮಲ್ಲಕಂಬದ ಪೂರ್ವರೂಪವೆಂದು ವಿದ್ವಾಂಸರ ಮತ.

ಕುಸ್ತಿ ಅರಸನಿಗೆ ವಿನೋದ. ಅದಕ್ಕಾಗಿ ಕಂಬ ಹತ್ತುವವನಿಗೆ ಶ್ರಮ. ಕುಳಿತವನಿಗೊಂದು ಮಾತು, ಹತ್ತಿದವನಿಗೊಂದು ಮಾತು. ಎರಡೂ ಪದಗಳನ್ನು ಒಬ್ಬನೇ ದೊರೆ ಬರೆದಿಟ್ಟಿದ್ದಾನೆ. ಇಷ್ಟು ವರ್ಷ ಅದನ್ನು ಓದಿದ ನನಗೆ ಈ ಭೇದ ಹೊಳೆದಿರಲಿಲ್ಲ.

ಸೋಮೇಶ್ವರನ ತರುವಾಯ ಕಂಬದ ಕಥೆ ಬಹುಕಾಲ ಮಸುಕು. ಮತ್ತೆ ಅದಕ್ಕೆ ಜೀವ ತುಂಬಿದ ಕೀರ್ತಿ ಪೇಶ್ವೆ ಎರಡನೆಯ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರಿಗೆ ಸಲ್ಲುತ್ತದೆ. ಝಾನ್ಸಿಯ ಲಕ್ಷ್ಮೀಬಾಯಿಯೂ ಬಾಲ್ಯದಲ್ಲಿ ಇದನ್ನು ಕಲಿತಿದ್ದಳೆಂಬ ಪ್ರತೀತಿಯುಂಟು. ಈಗ ಹಗ್ಗದ ಮೇಲೆ ಮಾಡುವ ಪ್ರಕಾರಕ್ಕೆ ಹಿಂದೆ ಬೆತ್ತವನ್ನು ಬಳಸುತ್ತಿದ್ದರಂತೆ. ೨೦೧೯ರಲ್ಲಿ ಮುಂಬಯಿಯಲ್ಲಿ ಜಾಗತಿಕ ಸ್ಪರ್ಧೆಯೇ ನಡೆಯಿತು.

ಇದನ್ನೆಲ್ಲ ತಂಗಿಗೆ ಹೇಳತೊಡಗಿದೆ. "ಅಣ್ಣಾ, ಈಗ ಸುಮ್ಮನ ಕುಂದರು, ಅವನ ಪಾಳಿ ಬಂತು" ಎಂದಳು.

ಹರಳೆಣ್ಣೆ ಹಚ್ಚಿದ ಕಂಬ ಬಿಸಿಲಿಗೆ ಮಿರುಗುತ್ತಿತ್ತು. ಹುಡುಗ ಓಡಿ ಬಂದು ಹಿಡಿದ, ತಲೆ ಕೆಳಗಾಗಿ ತೊಡೆಯಿಂದ ಕಂಬವನ್ನು ಬಿಗಿದ, ಎರಡು ಪಟ್ಟು ಚೆನ್ನಾಗಿ ಮಾಡಿದ. ಮೂರನೆಯದರಲ್ಲಿ ಜಾರಿ ಕೆಳಗೆ ಬಂದ. ನಾನು ಎದ್ದು ನಿಂತೆ. ವಸ್ತಾದರು ಏಳಲಿಲ್ಲ. ಹುಡುಗ ಅಂಗೈ ಒರೆಸಿಕೊಂಡು ಮತ್ತೆ ಹತ್ತಿದ. ಬಹುಮಾನವಂತೂ ಹೋಗಿತ್ತು, ಆದರೂ ಉಳಿದ ಪಟ್ಟುಗಳನ್ನು ಒಂದನ್ನೂ ಬಿಡದೆ ಮುಗಿಸಿದ. ಆಮೇಲೆ ವಸ್ತಾದರನ್ನು ಕೇಳಿದೆ, ಹೆದರಿಕೆಯಾಗಲಿಲ್ಲವೆ ಎಂದು. "ಇಳಿಯೂದು ಕಲೀದಾಂವನ್ನ ನಾ ಮ್ಯಾಲ ಹತ್ತಾಕ ಬಿಡೂದಿಲ್ರಿ" ಎಂದರು. ಏರುವುದನ್ನೇ ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಸುಮ್ಮನಾದೆ.

ಹುಡುಗಿಯದು ಹಗ್ಗ. ಗಂಟು ಹಾಕುವಂತಿಲ್ಲ, ಕಾಲಿಗೆ, ಸೊಂಟಕ್ಕೆ ಸುತ್ತಿಕೊಂಡ ಬಿಗಿಯೇ ಆಧಾರ. ಮೇಲೆ ಹೋಗಿ ಎರಡೂ ಕೈ ಬಿಟ್ಟಳು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಸೋಮೇಶ್ವರನಾಗಿದ್ದರೆ ನೋಡಿ ಸಂತೋಷಪಡುತ್ತಿದ್ದನೇನೊ. ನನ್ನಿಂದಾಗಲಿಲ್ಲ. ಕೆಳಗೆ ಕಾಲೂರಿದ ಸದ್ದು ಕೇಳಿದ ಮೇಲೆಯೇ ಕಣ್ಣು ತೆರೆದದ್ದು. ಅವಳ ಕಣಕಾಲಿನ ಮೇಲೆ ಹಗ್ಗದ ಕೆಂಪು ಬರೆ ಮೂಡಿತ್ತು.

ಸಂಜೆ ಮೈದಾನ ಖಾಲಿಯಾಗುವಾಗ ಕೇಳಿದಳು, "ಮಾಮಾ, ಕಡೀ ಪಟ್ಟು ಹೆಂಗಿತ್ರಿ?"

ಸುಳ್ಳು ಹೇಳಬಹುದಿತ್ತು. ಕಣ್ಣು ಮುಚ್ಚಿಕೊಂಡಿದ್ದೆನೆಂದೆ.

"ಹಂಗಾರ ಬರ್ರಿ, ಮತ್ತೊಮ್ಮೆ ಮಾಡಿ ತೋರಸ್ತೀನಿ" ಎಂದು, ಇನ್ನೂ ಬಿಚ್ಚಿರದ ಹಗ್ಗದ ಕಡೆಗೆ ವಸ್ತಾದರನ್ನು ಕರೆಯುತ್ತ ನಡೆದಳು.