ಕಾಣದ ಪೆಟ್ಟು, ಆಪ್ತಸಲಹೆಯ ದಾರಿ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನಿಗೆ ಯುದ್ಧಗಳ, ಒಪ್ಪಂದಗಳ ಇಸವಿಗಳು ನಾಲಗೆಯ ತುದಿಯಲ್ಲಿರುತ್ತವೆ. ಸ್ವಂತ ಬದುಕಿನ ಇಸವಿಗಳು ಹಾಗೆ ಉಳಿಯುವುದಿಲ್ಲ. ಆದರೂ 1994ರ ಬೇಸಿಗೆಯ ಒಂದು ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಾಲ್ಕು ವರ್ಷದ ಮಗಳ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ಆಕೆಯ ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ. ಈ ಬರಹಕ್ಕೆ ಆಕೆಯ ಒಪ್ಪಿಗೆ ಇದೆಯೆಂಬುದನ್ನು ಮಾತ್ರ ಮೊದಲೇ ತಿಳಿಸುತ್ತೇನೆ.

ಆಕೆಯ ಗಂಡ ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಊರಿನವರ ಕಣ್ಣಿಗೆ ಸಭ್ಯ ಗೃಹಸ್ಥ. ಆದರೆ ಆಕೆ ಬರೆದ ದಿನಸಿ ಚೀಟಿಯನ್ನು ಅಂಗಡಿಯವನ ಮುಂದೆಯೇ ಕೆಂಪು ಶಾಯಿಯಲ್ಲಿ ತಿದ್ದಿ ನಗುತ್ತಿದ್ದ. ನೆಂಟರ ಎದುರಿಗೆ ಆಕೆಯ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದ. ಕೋಪ ಬಂದರೆ ಹದಿನೈದು ದಿನ ಮಾತು ಬಿಡುತ್ತಿದ್ದ. ಯಾವ ತಪ್ಪಿಗೆ ಎಂಬುದನ್ನು ಆಕೆಯೇ ಊಹಿಸಬೇಕು. ತವರಿಗೆ ಕಾಗದ ಬರೆದರೆ ಅದನ್ನು ಓದಿಯೇ ಅಂಚೆಗೆ ಹಾಕುತ್ತಿದ್ದ. "ನಿನಗೇನು ಗೊತ್ತು" ಎಂಬ ಮಾತನ್ನು ಕೇಳಿ ಕೇಳಿ, ತನಗೆ ನಿಜವಾಗಿಯೂ ಏನೂ ಗೊತ್ತಿಲ್ಲವೇನೋ ಎಂದು ಆಕೆಗೇ ಅನುಮಾನ ಹುಟ್ಟಿತ್ತು. ನಮ್ಮ ಶಾಲೆಯಲ್ಲಿ ಕನ್ನಡ ಪ್ರಬಂಧಕ್ಕೆ ಬಹುಮಾನ ಪಡೆದವಳು ಇವಳು!

"ಹೊಡೆದಿದ್ದರೆ ತೋರಿಸಬಹುದಾಗಿತ್ತು ಸಾರ್" ಎಂದಳು.

ನಾನು ಕೊಟ್ಟ ಉತ್ತರ: "ಹೊಂದಿಕೊಂಡು ಹೋಗಮ್ಮ. ಎಲ್ಲರ ಮನೆ ದೋಸೆಯೂ ತೂತೇ." ಕಾಫಿ ಕುಡಿದು, ನನ್ನ ಹೆಂಡತಿ ಕೊಟ್ಟ ಕುಂಕುಮ ಇಟ್ಟುಕೊಂಡು ಹೊರಟುಹೋದಳು. ಮತ್ತೆ ನಮ್ಮ ಮನೆಗೆ ಬಂದದ್ದು 2012ರಲ್ಲಿ.

ಆ ಹದಿನೆಂಟು ವರ್ಷಗಳ ಬಗ್ಗೆ ಯೋಚಿಸುವಾಗಲೆಲ್ಲ, ಅಂದು ನನಗೆ ಬೇರೆ ಮಾತು ಏಕೆ ಹೊಳೆಯಲಿಲ್ಲ ಎಂಬ ಪ್ರಶ್ನೆ ಕಾಡುತ್ತದೆ. ನನ್ನ ತಪ್ಪನ್ನು ಕಾಲದ ತಲೆಗೆ ಕಟ್ಟುವ ಉದ್ದೇಶ ನನಗಿಲ್ಲ. ಆದರೆ ಆ ನೋವಿಗೆ ಅಂದು ನಮ್ಮ ನಡುವೆ ಹೆಸರಿರಲಿಲ್ಲ; ಹೆಸರಿಲ್ಲದ ನೋವಿಗೆ ಔಷಧ ಹುಡುಕುವವರಾರು?

ಕಾನೂನಿನ ಕಣ್ಣಿಗೆ ಅದು ಪೂರ್ತಿ ಕಾಣದೆ ಇರಲಿಲ್ಲ. 1983ರಲ್ಲಿ ದಂಡಸಂಹಿತೆಗೆ ಸೇರಿದ 498-ಎ ಕಲಮಿನಲ್ಲಿ ಹೆಂಡತಿಯ ಮೇಲಿನ ಕ್ರೌರ್ಯವನ್ನು ವಿವರಿಸುವಾಗ ದೇಹದ ಆರೋಗ್ಯದೊಂದಿಗೆ ಮನಸ್ಸಿನ ಆರೋಗ್ಯದ ಮಾತೂ ಬಂದಿತ್ತು. ಆದರೆ ಆತ್ಮಹತ್ಯೆಗೆ ದೂಡುವಂಥ ಅಥವಾ ಗಂಭೀರ ಹಾನಿ ಮಾಡುವಂಥ ನಡತೆಗಷ್ಟೇ ಅದು ಅನ್ವಯಿಸುತ್ತಿತ್ತು. ಕೆಂಪು ಶಾಯಿಯ ದಿನಸಿ ಚೀಟಿಯನ್ನು ಹಿಡಿದುಕೊಂಡು ಠಾಣೆಗೆ ಹೋದರೆ ಯಾರು ಕೇಳುತ್ತಿದ್ದರು? ಸಂಸತ್ತು 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ ಕಾಯಿದೆಯನ್ನು ಮಾಡಿತು. ಅದು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ದೈಹಿಕ, ಲೈಂಗಿಕ, ಆರ್ಥಿಕ ಹಿಂಸೆಗಳ ಜೊತೆಗೆ ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನೂ ಅದರ ಮೂರನೆಯ ಕಲಮಿನಲ್ಲಿ ಸೇರಿಸಲಾಯಿತು. ಅವಮಾನ, ಅಪಹಾಸ್ಯ, ಹೀಯಾಳಿಕೆ, ಮಕ್ಕಳಾಗದಿರುವುದಕ್ಕೆ ಅಥವಾ ಗಂಡುಮಗು ಹುಟ್ಟದಿರುವುದಕ್ಕೆ ಚುಚ್ಚಿ ಆಡುವ ಮಾತು, ಇವೆಲ್ಲ ಅಲ್ಲಿ ಹೆಸರು ಹಿಡಿದು ಬಂದಿವೆ. ಆ ಕಲಮನ್ನು ಮೊದಲ ಬಾರಿಗೆ ಓದಿದಾಗ, ನಮ್ಮ ಮನೆಯ ನಡುಮನೆಯಲ್ಲಿ ಕುಳಿತು ಯಾರೋ ಬರೆದುಕೊಂಡು ಹೋದಂತೆ ನನಗೆ ತೋರಿತು.

ಇನ್ನು ಚಿಕಿತ್ಸೆಯ ಮಾತು. ಬೆಂಗಳೂರಿನಲ್ಲಿ ಹುಚ್ಚರ ಆಶ್ರಯಧಾಮವೊಂದು 1847ರಷ್ಟು ಹಿಂದೆಯೇ ಇತ್ತು. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದು ಬದಲಾಯಿತು. ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಕಾಲದಲ್ಲಿ, 1930ರ ದಶಕದ ಕೊನೆಗೆ, ಲಕ್ಕಸಂದ್ರದ ವಿಶಾಲವಾದ ಜಾಗಕ್ಕೆ ಸ್ಥಳಾಂತರವಾಯಿತು. 1954ರಲ್ಲಿ ಅದರ ಮಗ್ಗುಲಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭಗೊಂಡಿತು, ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮರುವರ್ಷವೇ ಮನೋವೈದ್ಯರಿಗೂ, ಔಷಧಿಯಿಲ್ಲದೆ ಮಾತಿನ ಮೂಲಕ ಚಿಕಿತ್ಸೆ ನೀಡುವ ಮನೋವಿಜ್ಞಾನಿಗಳಿಗೂ ಅಲ್ಲಿ ಪ್ರತ್ಯೇಕವಾಗಿ ತರಬೇತಿ ಶುರುವಾಯಿತು. ಆಸ್ಪತ್ರೆ ಮತ್ತು ಸಂಸ್ಥೆ 1974ರ ಡಿಸೆಂಬರಿನಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಇಂಥ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇದ್ದರೂ ಅದು ನಮಗೆ ಒದಗಿದ್ದು ಬೈಗುಳವಾಗಿ. ಪಾಠ ಒಪ್ಪಿಸದ ಹುಡುಗನಿಗೆ "ನಿನ್ನನ್ನು ನಿಮ್ಹಾನ್ಸಿಗೆ ಸೇರಿಸಬೇಕು ಕಣೋ" ಎಂದು ಉಪಾಧ್ಯಾಯರೇ ಹೇಳುತ್ತಿದ್ದೆವು. ನಾನೂ ಹೇಳಿದ್ದೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಅದನ್ನು ಕೇಳಿಸಿಕೊಂಡವರೇ ಇದ್ದೀರಿ, ಕ್ಷಮಿಸಿ.

ಮೈಸೂರಿನ ಕಥೆ ಇದಕ್ಕಿಂತ ಹೃದ್ಯವಾದುದು. ಮಹಾರಾಜಾ ಕಾಲೇಜಿನಲ್ಲಿ 1924ರಷ್ಟು ಮೊದಲೇ ಮನಶ್ಶಾಸ್ತ್ರ ವಿಭಾಗ ತೆರೆದಿತ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ನಾವು ನೆನೆಯುವುದು ತಮ್ಮ ಮನೆಯಲ್ಲಿ 1935ರಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದವರೆಂದು. ಮನಸ್ಸಿನ ಶಾಸ್ತ್ರವನ್ನು ಕನ್ನಡ ನಾಡಿನಲ್ಲಿ ಬಿತ್ತಿದವರೆಂದು ನೆನೆಯುವವರು ಕಡಿಮೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರು ಅದನ್ನು ಕಾದಂಬರಿಗೆ ತಂದರು. ಅವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಲನಚಿತ್ರ ಮಾಡಿದಾಗ ನಾವೆಲ್ಲ ಕಲ್ಪನಾ ಅವರ ಅಭಿನಯಕ್ಕೆ ಕಣ್ಣೀರಿಟ್ಟೆವು. ಕಥಾನಾಯಕಿ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಆಕೆಯನ್ನು ಮತ್ತೆ ಕೆಡಹುವುದು ಮನೆಯವರ ಅನುಮಾನದ ನೋಟ, ನೆರೆಹೊರೆಯವರ ಪಿಸುಮಾತು, ಗಂಡನ ಉದಾಸೀನ. ಅಲ್ಲಿ ಯಾರೂ ಆಕೆಯನ್ನು ಹೊಡೆದು ಹುಚ್ಚಿಯನ್ನಾಗಿ ಮಾಡುವುದಿಲ್ಲ. ಆ ಚಿತ್ರವನ್ನು ಎರಡು ಬಾರಿ ನೋಡಿದ ನಾನೇ 1994ರಲ್ಲಿ ದೋಸೆಯ ಗಾದೆ ಹೇಳಿದೆ!

'ಕೊರವಂಜಿ'ಯ ರಾಶಿಯವರೂ, ಅಂದರೆ ಡಾ. ಎಂ. ಶಿವರಾಂ, ನಗಿಸುವುದರ ಜೊತೆಗೆ ಮನಸ್ಸಿನ ಬೇನೆಗಳ ಬಗ್ಗೆ ಕನ್ನಡದಲ್ಲಿ ಬರೆದವರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದೇ ವರ್ಷ ಉಡುಪಿಯ ಬಳಿಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರು ನಡೆಸಿದ ಅಧ್ಯಯನ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಮನಸ್ಸು ಕದಡಿದಾಗ ಹಳ್ಳಿಯ ಜನರು ವೈದ್ಯರ, ಮಂತ್ರವಾದಿಯ, ದೈವದ ಪಾತ್ರಿಯ ಬಳಿಗೆ ಹೋಗುತ್ತಿದ್ದುದನ್ನು ಅವರು ಹೀಯಾಳಿಸದೆ ದಾಖಲಿಸಿದರು. ಪಾತ್ರಿ ಕಷ್ಟವನ್ನು ಪೂರ್ತಿ ಕೇಳುತ್ತಾನೆ. ಮೇಷ್ಟ್ರಾದ ನಾನು ಅರ್ಧ ಕೇಳಿ ಗಾದೆ ಹೇಳಿ ಮುಗಿಸಿದ್ದೆ. ಮುಂದೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ 1996ರ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ ಅದರ ಗಮನವಿದ್ದದ್ದು ತೀವ್ರವಾದ ಕಾಯಿಲೆಗಳ ಮೇಲೆ. ಕಾಯಿಲೆಯಿಲ್ಲದೆ, ಬರಿಯ ಮಾತುಗಳಿಂದ ನಜ್ಜುಗುಜ್ಜಾದವರಿಗೆ ಬಾಗಿಲು ತೆರೆದದ್ದು ಬಹುಮಟ್ಟಿಗೆ ಕನ್ನಡದ ಪುಸ್ತಕಗಳು ಮತ್ತು ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳು ಎಂದು ನನ್ನ ಎಣಿಕೆ. ಡಾ. ಸಿ.ಆರ್. ಚಂದ್ರಶೇಖರ್ ಅವರ ಹೆಸರನ್ನು ಇಲ್ಲಿ ಹೇಳದಿರಲಾಗದು. ಸರಳಗನ್ನಡದಲ್ಲಿ ಅವರು ಬರೆದ ಪುಸ್ತಕಗಳನ್ನು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಕಂಡಿದ್ದೇನೆ. ಅವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು.

ಕನ್ನಡದಲ್ಲಿ ಈ ಕೆಲಸಕ್ಕೆ ಎರಡು ಪದಗಳು ಬಳಕೆಗೆ ಬಂದವು: ಆಪ್ತಸಲಹೆ ಮತ್ತು ಆಪ್ತಸಮಾಲೋಚನೆ. ಹಳೆಯ ಮೇಷ್ಟ್ರ ಚಾಳಿ, ಪದವನ್ನು ಬಿಡಿಸಿ ನೋಡದಿದ್ದರೆ ಸಮಾಧಾನವಿಲ್ಲ. ಸಲಹೆ ಎಂದರೆ ಒಬ್ಬರು ಕೊಡುವುದು, ಇನ್ನೊಬ್ಬರು ತೆಗೆದುಕೊಳ್ಳುವುದು. ಸಮಾಲೋಚನೆ ಎಂದರೆ ಇಬ್ಬರೂ ಕೂಡಿ ಯೋಚಿಸುವುದು. ನಾನು ಕೊಟ್ಟದ್ದು ಸಲಹೆ. ಆಕೆಗೆ ಬೇಕಾಗಿದ್ದದ್ದು ಎರಡನೆಯದು.

2012ರಲ್ಲಿ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಮೇಲೆ ಆಕೆ ಗಂಡನ ಮನೆ ಬಿಟ್ಟು ಮಗಳ ಬಾಡಿಗೆ ಮನೆಗೆ ಬಂದಳು. ಬಿಟ್ಟು ಬಂದರೆ ನೆಮ್ಮದಿ ತಾನಾಗಿ ಬರುತ್ತದೆಂದು ಎಲ್ಲರೂ ಎಣಿಸಿದ್ದೆವು. ಆದರೆ ಕುಕ್ಕರಿನ ಸೀಟಿ ಒಂದು ಹೆಚ್ಚಾದರೆ ಆಕೆಯ ಕೈ ನಡುಗುತ್ತಿತ್ತು. ತರಕಾರಿಯವನ ಹತ್ತಿರ ಚಿಲ್ಲರೆ ಎಣಿಸಲು ಹೆದರಿಕೆ. ಬೈಯುವವರು ಪಕ್ಕದಲ್ಲಿ ಇಲ್ಲದಿದ್ದರೂ ಬೈಗುಳ ಒಳಗೆ ನಿಂತಿತ್ತು.

ಮೊದಲು ಹೋದ ಸಲಹಾಕೇಂದ್ರದಲ್ಲಿ, ಆಕೆಯ ಮಾತು ಮುಗಿಯುವ ಮುನ್ನವೇ, ಗಂಡನನ್ನು ಕರೆಸಿ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಆತ ಅಲ್ಲಿ ಮೃದುವಾಗಿ ಮಾತನಾಡಿದ. ಆಕೆ ಬಾಯಿ ಬಿಡಲಾಗದೆ ಕುಳಿತಳು. ಒಬ್ಬರಿಗೆ ಮತ್ತೊಬ್ಬರ ಭಯವಿರುವಾಗ ಜೋಡಿ ಸಮಾಲೋಚನೆ ಸಲ್ಲದು ಎಂಬುದನ್ನು ಈಗ ಈ ವಿಷಯದ ತಿಳಿವಳಿಕೆಯುಳ್ಳವರು ಒತ್ತಿ ಹೇಳುತ್ತಾರೆ. ಅಂದು ನಮಗೆ ಗೊತ್ತಿರಲಿಲ್ಲ. ಎರಡನೆಯವರು ಹತ್ತು ನಿಮಿಷದಲ್ಲಿ ನಿದ್ದೆಯ ಮಾತ್ರೆ ಬರೆದುಕೊಟ್ಟರು. ಮಾತ್ರೆಯನ್ನು ನಾನು ಹಳಿಯುವುದಿಲ್ಲ, ಎಷ್ಟೋ ಜನರಿಗೆ ಅದು ಬೇಕೇ ಬೇಕು. ಆದರೆ ಆಕೆಯನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆಗ ನಾವು ಶಾಲೆಗೆ ಉಪಾಧ್ಯಾಯರನ್ನು ಆರಿಸುವವರಂತೆ ವಿಚಾರಿಸತೊಡಗಿದೆವು. ಮನೋವೈದ್ಯರು ಎಂದರೆ ವೈದ್ಯಪದವಿ ಪಡೆದು ಔಷಧಿ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಬೇರೆ. 1992ರ ಕಾಯಿದೆಯ ಪ್ರಕಾರ ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆಪ್ತಸಮಾಲೋಚಕ ಎಂಬ ಫಲಕವನ್ನಾದರೋ ಬಹುಕಾಲ ಯಾರು ಬೇಕಾದರೂ ತೂಗುಹಾಕಬಹುದಾಗಿತ್ತು. ಕೆಲವು ಬಗೆಯ ಸಮಾಲೋಚಕರು ಕಾಯಿದೆಯ ವ್ಯಾಪ್ತಿಗೆ ಬಂದದ್ದು 2021ರಲ್ಲಿ. ಆಕೆಯ ಮಗಳು ಫೋನಿನಲ್ಲಿಯೇ ಪ್ರಶ್ನೆಗಳನ್ನು ಕೇಳಿದಳು. ಏನು ಓದಿದ್ದೀರಿ? ಮನೆಯೊಳಗಿನ ಹಿಂಸೆಗೆ ಒಳಗಾದವರೊಡನೆ ಕೆಲಸ ಮಾಡಿದ ಅನುಭವವಿದೆಯೆ? ಕನ್ನಡದಲ್ಲಿ ಮಾತನಾಡುತ್ತೀರಾ? ಅಮ್ಮ ಹೇಳಿದ್ದನ್ನು ಅಪ್ಪನಿಗಾಗಲಿ ನನಗಾಗಲಿ ತಿಳಿಸುತ್ತೀರಾ? ಕೊನೆಯ ಪ್ರಶ್ನೆಗೆ, "ನಿಮ್ಮ ತಾಯಿಯವರ ಒಪ್ಪಿಗೆಯಿಲ್ಲದೆ ನಿಮಗೂ ತಿಳಿಸುವುದಿಲ್ಲ, ಪ್ರಾಣಾಪಾಯದ ಸಂದರ್ಭ ಮಾತ್ರ ಬೇರೆ" ಎಂದು ಉತ್ತರಿಸಿದವರನ್ನು ಆರಿಸಿಕೊಂಡರು.

ಮೊದಲ ಕೆಲವು ಭೇಟಿಗಳಲ್ಲಿ ಹಳೆಯದನ್ನು ಕೆದಕಲೇ ಇಲ್ಲವಂತೆ. ನಿದ್ದೆ, ಊಟ, ಆತ ಫೋನು ಮಾಡಿದರೆ ಏನು ಮಾಡಬೇಕು, ಇಷ್ಟೇ. ಮೂರನೆಯ ತಿಂಗಳಲ್ಲಿ ಆಕೆಗೆ ಒಂದು ಮನೆಗೆಲಸ ಕೊಟ್ಟರು: ದಿನಸಿ ಚೀಟಿ ಬರೆದು, ಮತ್ತೊಮ್ಮೆ ಓದಿ ನೋಡದೆ, ಅಂಗಡಿಗೆ ಕೊಡುವುದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೋದಳು. ನಡುವೆ ಎರಡು ಬಾರಿ ಸಾಕೆಂದು ಬಿಟ್ಟು, ಮತ್ತೆ ಹೋದಳು. ಈಗಲೂ ಯಾರಾದರೂ ದನಿಯೇರಿಸಿದರೆ ಮುಖ ಬಿಳಿಚಿಕೊಳ್ಳುತ್ತದೆ. ಆದರೆ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಕೆಂಪು ಶಾಯಿಯನ್ನು ಬಳಸುವುದಿಲ್ಲ.

ದೂರದ ಊರುಗಳಲ್ಲಿರುವವರಿಗೆ ಒಂದು ಮಾತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಬಸ್ಸು ಹತ್ತಿ ಯಾರ ಕಣ್ಣಿಗೂ ಬೀಳದೆ ಹೋಗುವುದು ಹೇಗೆಂಬ ಚಿಂತೆಯಿರುವವರು ಅಲ್ಲಿಂದ ಆರಂಭಿಸಬಹುದು.

ಈ ಬರಹವನ್ನು ಹಾಕುವ ಮುನ್ನ ಆಕೆಗೆ ಕಳುಹಿಸಿದೆ. ಎರಡು ದಿನಗಳ ನಂತರ ಒಂದೇ ಒಂದು ತಿದ್ದುಪಡಿ ಬಂದಿತು. "ಸಾರ್, ಅವತ್ತು ನೀವು ಹೇಳಿದ್ದು ದೋಸೆಯ ಗಾದೆ ಮಾತ್ರ ಅಲ್ಲ. ಅದಕ್ಕೆ ಮೊದಲು, ನೀನೇನಾದರೂ ಎದುರುತ್ತರ ಕೊಟ್ಟೆಯಾ ಎಂದು ಕೇಳಿದಿರಿ." ನನಗೆ ಅದು ನೆನಪಿಲ್ಲ. ಆಕೆಗೆ ಇದೆ. ಮೇಲೆ ಬರೆದದ್ದನ್ನು ಅಳಿಸದೆ, ಇದನ್ನು ಇಲ್ಲಿ ಸೇರಿಸಿದ್ದೇನೆ.