ಈ ವಾರದ ಹಾಡನ್ನು ಆರಿಸುವವರು ಯಾರು?

ಹೊಸ ಹಾಡುಗಳಿಗೆ ಈಗ ಶುಕ್ರವಾರವೇ ದಿನ. ಮೊದಲು ಅಮೆರಿಕದಲ್ಲಿ ಮಂಗಳವಾರ, ಬ್ರಿಟನ್ನಿನಲ್ಲಿ ಸೋಮವಾರ ಎಂದು ದೇಶಕ್ಕೊಂದು ವಾರ ಇತ್ತು. 2015ರ ಜುಲೈ 10ರಿಂದ ರೆಕಾರ್ಡಿಂಗ್ ಕಂಪನಿಗಳು ಒಟ್ಟಾಗಿ ಶುಕ್ರವಾರವನ್ನು ಗೊತ್ತು ಮಾಡಿಕೊಂಡವು. ಅಂದಿನಿಂದ ಸಂಗೀತಪ್ರೇಮಿಗಳಿಗೆ ಶನಿವಾರ, ಭಾನುವಾರ ಒಂದು ಕೆಲಸ ಖಾಯಂ: ಬಂದ ರಾಶಿಯಲ್ಲಿ ತಮಗೆ ಹಿಡಿಸಿದ ಐದೋ ಹತ್ತೋ ಹಾಡುಗಳನ್ನು ಹೆಕ್ಕಿ ಗೆಳೆಯರಿಗೆ ಕಳಿಸುವುದು. ಈ ಹೆಕ್ಕುವ ಚಟ ಹೊಸದಲ್ಲ. ಯಾವ ರಾಶಿಯಿಂದ ಹೆಕ್ಕಬೇಕು, ಆ ರಾಶಿಯನ್ನು ಮೊದಲು ಸೋಸಿದವರು ಯಾರು ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಆ ಬದಲಾವಣೆಯನ್ನು ನೋಡಲು ಕಾಶಿ ಒಳ್ಳೆಯ ಜಾಗ. ಅದರಲ್ಲೂ ಕನ್ನಡಿಗರಿಗೆ ಹನುಮಾನ್ ಘಾಟ್.

ಅಸ್ಸಿ ಮತ್ತು ದಶಾಶ್ವಮೇಧ ಘಾಟ್‌ಗಳ ನಡುವೆ ಇರುವ ಹನುಮಾನ್ ಘಾಟ್ ಕಾಶಿಯೊಳಗಿನ ದಕ್ಷಿಣ ದೇಶ. ಇಲ್ಲಿನ ಗಲ್ಲಿಗಳಲ್ಲಿ ತಮಿಳು, ತೆಲುಗು, ಕನ್ನಡದ ಮನೆಗಳು, ಮಠಗಳು, ಛತ್ರಗಳು ಒತ್ತೊತ್ತಾಗಿ ನಿಂತಿವೆ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿ 1898ರಿಂದ ಕೆಲವು ವರ್ಷ ಇಲ್ಲಿನ ಸೋದರತ್ತೆಯ ಮನೆಯಲ್ಲಿದ್ದು ಓದಿದರು. ಪಕ್ಕದಲ್ಲೇ ಹಿಂದೆ ಮೈಸೂರು ಘಾಟ್ ಎನಿಸಿಕೊಂಡಿದ್ದ ಈಗಿನ ಕರ್ನಾಟಕ ಘಾಟ್ ಇದೆ. ಕರ್ನಾಟಕದಿಂದ ಹೋದ ಯಾತ್ರಿಕರು ಇಳಿದುಕೊಳ್ಳುವುದೂ ಹೆಚ್ಚಾಗಿ ಈ ಆಸುಪಾಸಿನಲ್ಲೇ.

ಇಲ್ಲಿ ಎರಡು ಪಂಚಾಂಗಗಳು ಒಟ್ಟಿಗೆ ನಡೆಯುತ್ತವೆ. ಕನ್ನಡಿಗರಿಗೆ ಚೈತ್ರ ಶುರುವಾಗುವುದು ಯುಗಾದಿಗೆ. ಕಾಶಿಯವರ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ, ಹೋಳಿಯ ಮರುದಿನವೇ ಅವರಿಗೆ ‘ಚೈತ್’ ಹುಟ್ಟುತ್ತದೆ. ಹಾಗಾಗಿ ಹನುಮಾನ್ ಘಾಟಿನ ಕನ್ನಡದ ಮನೆಯಲ್ಲಿ ಇನ್ನೂ ಫಾಲ್ಗುಣ ಬಹುಳ ಇರುವಾಗಲೇ ಊರಿನಲ್ಲಿ ಚೈತಿ ಶುರುವಾಗಿರುತ್ತದೆ. ಚೈತಿ ಚೈತ್ರಮಾಸದ ಹಾಡು, ಕಜರಿ ಮಳೆಗಾಲದ್ದು, ಹೋರಿ ಫಾಲ್ಗುಣದ್ದು. ಯಾರೂ ಇವುಗಳನ್ನು ‘ಬಿಡುಗಡೆ’ ಮಾಡುವುದಿಲ್ಲ. ಹನ್ನೊಂದು ತಿಂಗಳು ಹಾಡದೆ ಇಟ್ಟಿದ್ದರಿಂದಲೇ ಹನ್ನೆರಡನೆಯ ತಿಂಗಳಲ್ಲಿ ಹಳೆಯ ಹಾಡು ಹೊಸದಾಗಿ ಕೇಳುತ್ತದೆ.

ಇದೇ ಕ್ರಮವನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸುವ ಪರಂಪರೆಯೊಂದಕ್ಕೂ ಈ ಘಾಟಿನ ನಂಟಿದೆ. ಹದಿನಾರನೆಯ ಶತಮಾನದಲ್ಲಿ ವಲ್ಲಭಾಚಾರ್ಯರು ಕೊನೆಯ ದಿನಗಳನ್ನು ಕಳೆದದ್ದು ಹನುಮಾನ್ ಘಾಟಿನಲ್ಲಿ. ಅವರ ಪುಷ್ಟಿಮಾರ್ಗದ ದೇವಾಲಯಗಳಲ್ಲಿ ದಿನಕ್ಕೆ ಎಂಟು ದರ್ಶನ. ಪ್ರತಿ ದರ್ಶನಕ್ಕೂ ಹೊತ್ತಿಗೆ, ಋತುವಿಗೆ, ಹಬ್ಬಕ್ಕೆ ತಕ್ಕ ಕೀರ್ತನೆ. ಇವತ್ತು ಯಾವ ಪದ, ಯಾವ ರಾಗ ಎಂಬುದನ್ನು ಪಂಚಾಂಗ ಹೇಳುತ್ತದೆ, ಕೇಳುಗನ ಇಷ್ಟ ಅಲ್ಲಿ ನಡೆಯುವುದಿಲ್ಲ.

ಇಷ್ಟ ನಡೆಯುತ್ತಿದ್ದುದು ಮೆಹಫಿಲ್‌ಗಳಲ್ಲಿ. ಹನುಮಾನ್ ಘಾಟಿನಿಂದ ಸುಮಾರು ಎರಡು ಕಿಲೋಮೀಟರ್ ದೂರದ ಚೌಕ್, ದಾಲ್‌ಮಂಡಿಯ ಕೋಠಾಗಳಲ್ಲಿ, ಶ್ರೀಮಂತರ ಹವೇಲಿಗಳಲ್ಲಿ, ಹೋಳಿಯ ನಂತರ ಗಂಗೆಯ ಮೇಲೆ ದೋಣಿಗಳನ್ನು ಜೋಡಿಸಿ ನಡೆಸುತ್ತಿದ್ದ ಬುಢವಾ ಮಂಗಲ್ ಉತ್ಸವದಲ್ಲಿ ತವಾಯಫ್‌ಗಳು ಹಾಡುತ್ತಿದ್ದರು. ಕೇಳುಗ ‘ಫರ್ಮಾಯಿಶ್’ ಮಾಡುತ್ತಿದ್ದ: ಇದನ್ನು ಹಾಡಿ, ಆ ಸಾಲನ್ನು ಇನ್ನೊಮ್ಮೆ ಹೇಳಿ. ಠುಮ್ರಿಯ ಒಂದೇ ಸಾಲನ್ನು ಹತ್ತು ಭಾವದಲ್ಲಿ ಹೇಳಿ ತೋರಿಸುವುದೇ ಬನಾರಸಿನ ಹೆಗ್ಗಳಿಕೆ. ಆಯ್ಕೆ ಎಂದರೆ ಹಾಡುವವಳಿಗೂ ಕೇಳುವವನಿಗೂ ನಡುವೆ ಮುಖಾಮುಖಿ ನಡೆಯುವ ಮಾತುಕತೆ. ಆದರೆ ಆ ಮಾತುಕತೆ ದುಡ್ಡಿದ್ದ ಗಂಡಸರದ್ದು, ಉಳಿದವರು ಬೀದಿಯಲ್ಲಿ ನಿಂತು ಕಿವಿಗೆ ಬಿದ್ದಷ್ಟನ್ನು ಕೇಳಬೇಕಿತ್ತು.

ಇದನ್ನು ಬದಲಿಸಿದ್ದು ರೆಕಾರ್ಡು. ಆ ಬದಲಾವಣೆಯ ಮುಂದಾಳು ಗೌಹರ್ ಜಾನ್. 1873ರಲ್ಲಿ ಆಜಮ್‌ಗಢದಲ್ಲಿ ಏಂಜಲೀನಾ ಎಂಬ ಹೆಸರಿನಲ್ಲಿ ಹುಟ್ಟಿದ ಆಕೆ, ತಾಯಿಯೊಂದಿಗೆ ಬನಾರಸಿಗೆ ಬಂದು, ಅಲ್ಲಿಂದ ಕಲ್ಕತ್ತಾ ಸೇರಿದಳು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲ್ಕತ್ತಾದ ಹೋಟೆಲಿನ ಕೋಣೆಯೊಂದರಲ್ಲಿ ಯಂತ್ರ ಹೂಡಿ ಆಕೆಯ ಹಾಡನ್ನು ಅಚ್ಚು ಮಾಡಿಕೊಂಡ. ಭಾರತದ ಮೊಟ್ಟಮೊದಲ ರೆಕಾರ್ಡಿಂಗ್‌ಗಳಲ್ಲಿ ಅದೂ ಸೇರಿದೆ. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ. ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಬೇಕಿತ್ತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ನೂರಾರು ರೆಕಾರ್ಡು ಕೊಟ್ಟ ಗೌಹರ್ ಕೊನೆಗೆ ಬಂದು ಸೇರಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರನ್ನು. 1928ರಲ್ಲಿ ಆಸ್ಥಾನ ಗಾಯಕಿಯಾದ ಆಕೆ, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು.

ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹರಡಿಕೊಳ್ಳುತ್ತಿದ್ದ ಹಾಡು ಅಷ್ಟರಲ್ಲಿ ಕೂರಬೇಕು. ಯಾವ ಸಾಲು ಉಳಿಯಬೇಕು, ಯಾವುದು ಹೋಗಬೇಕು ಎಂದು ಹಾಡುವವರು ಮೊದಲೇ ತೀರ್ಮಾನಿಸಬೇಕಿತ್ತು. ಯಾರನ್ನು ಹಾಡಿಸಬೇಕೆಂದು ಕಂಪನಿ ತೀರ್ಮಾನಿಸುತ್ತಿತ್ತು. ತಿಂಗಳಿಗೊಮ್ಮೆ ಹೊಸ ರೆಕಾರ್ಡುಗಳ ಪಟ್ಟಿ ಅಚ್ಚಾಗಿ ಅಂಗಡಿಗಳಿಗೆ ಬರುತ್ತಿತ್ತು. ಪಂಚಾಂಗದ ಜಾಗಕ್ಕೆ ಬಂದದ್ದು ಈ ಪಟ್ಟಿ. ಚೈತಿಯನ್ನು ಕಾರ್ತಿಕದಲ್ಲೂ ಕೊಳ್ಳಬಹುದು, ಕಜರಿಯನ್ನು ಬೇಸಿಗೆಯಲ್ಲೂ ಕೇಳಬಹುದು. ಕೇಳುಗನಿಗೆ ಸಿಕ್ಕಿದ್ದು ಹಿಂದೆಂದೂ ಇಲ್ಲದ ಸ್ವಾತಂತ್ರ್ಯ. ಆದರೆ ಅದು ಬೇರೆಯವರು ಆಗಲೇ ಆರಿಸಿಟ್ಟದ್ದರೊಳಗೆ ಆರಿಸುವ ಸ್ವಾತಂತ್ರ್ಯ.

ಆ ಸ್ವಾತಂತ್ರ್ಯವನ್ನು ಹಗುರವಾಗಿ ನೋಡುವಂತಿಲ್ಲ. ಉತ್ತರ ಕರ್ನಾಟಕದ ಸಂಗೀತ ಅದರಿಂದ ಪಡೆದದ್ದು ಸಣ್ಣದಲ್ಲ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್, ಚಿಕ್ಕವರಿದ್ದಾಗ ಗ್ರಾಮಫೋನಿನ ದನಿ ಕೇಳಿದರೆ ಬೀದಿಗೆ ಓಡಿ ನಿಂತು ಕೇಳುತ್ತಿದ್ದರು, ಕೇಳಿದ್ದನ್ನು ಹಾಗೆಯೇ ಹಾಡುತ್ತಿದ್ದರು. 1930ರ ದಶಕದಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಅವರದೇ ರೆಕಾರ್ಡುಗಳು ಬಂದವು. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ, ಹೀಗೆ ಹಾಡಬೇಕೆಂಬ ಹುಚ್ಚು ಹಿಡಿಸಿಕೊಂಡು 1933ರಲ್ಲಿ ಮನೆ ಬಿಟ್ಟ. ಆಗ ಅವನಿಗೆ ಹನ್ನೊಂದು ವರ್ಷ. ಲಖನೌ, ಬನಾರಸುಗಳಲ್ಲಿ ಬೆಳೆದ ಠುಮ್ರಿಯನ್ನು, ಮೀರಜಿನಲ್ಲಿ ನೆಲೆಸಿದ ಕೈರಾನಾದ ಉಸ್ತಾದರ ಕಂಠದಲ್ಲಿ, ಗದಗಿನ ಹುಡುಗನೊಬ್ಬ ಕಾಸು ಕೊಡದೆ ಕೇಳಿದ. ಯಾವ ಮೆಹಫಿಲೂ ಅವನನ್ನು ಒಳಗೆ ಬಿಡುತ್ತಿರಲಿಲ್ಲ. ಒಬ್ಬ ಕೇಳುಗ ತನ್ನ ಇಷ್ಟದ ಒಂದೇ ಒಂದು ಹಾಡನ್ನು ಆರಿಸಿಕೊಂಡದ್ದರ ಫಲವನ್ನು ದೇಶ ಮುಂದೆ ಎಪ್ಪತ್ತು ವರ್ಷ ಕೇಳಿತು.

ಲೆಕ್ಕದ ಇನ್ನೊಂದು ಬದಿ ರಸೂಲನ್ ಬಾಯಿಯದು. ಬನಾರಸಿನ ಠುಮ್ರಿಗೆ ದೊಡ್ಡ ಹೆಸರಾದ ಆಕೆ 1902ರಲ್ಲಿ ಮಿರ್ಜಾಪುರದ ಕಡೆ ಹುಟ್ಟಿದವರು. ಹೂವಿನ ಚೆಂಡಿನಿಂದ ಹೊಡೆಯಬೇಡ, ಪೆಟ್ಟಾಗುತ್ತದೆ ಎಂದು ನಾಯಿಕೆ ಹೇಳುವ ಭೈರವಿ ಠುಮ್ರಿಯೊಂದು ಅವರ ಹೆಸರಿನ ಜೊತೆಗೇ ಅಂಟಿಕೊಂಡಿದೆ. ಜನ ಬಲ್ಲ ರೂಪದಲ್ಲಿ ಪೆಟ್ಟು ಬೀಳುವುದು ‘ಕರೇಜವಾ’ಕ್ಕೆ, ಅಂದರೆ ಹೃದಯಕ್ಕೆ. 1935ರಲ್ಲಿ ಗ್ರಾಮಫೋನಿಗೆ ಹಾಡಿದಾಗ ಅಲ್ಲಿದ್ದ ಪದ ‘ಜೋಬನವಾ’. ಅದಕ್ಕೆ ಯೌವನ ಎಂಬ ಅರ್ಥವೂ ಇದೆ, ಎದೆ ಎಂಬ ಅರ್ಥವೂ ಇದೆ. ಚಿತ್ರ ನಿರ್ದೇಶಕಿ ಸಬಾ ದೀವಾನ್ ಮರೆತುಹೋಗಿದ್ದ ಈ ರೆಕಾರ್ಡಿನ ಬೆನ್ನುಹತ್ತಿ 2009ರಲ್ಲಿ ‘ದಿ ಅದರ್ ಸಾಂಗ್’ ಎಂಬ ಸಾಕ್ಷ್ಯಚಿತ್ರ ಮಾಡಿದರು.

ಬದಲಾದದ್ದು ಒಂದೇ ಪದ. ಆದರೆ ದೇಹದ ಮಾತು ಹೃದಯದ ಮಾತಾಯಿತು, ತುಂಟತನ ಅಳಲಾಯಿತು. ಆ ಹೊತ್ತಿಗೆ ಗೌರವಸ್ಥ ಸಮಾಜ ತವಾಯಫರ ಸಂಗೀತವನ್ನು ಉಳಿಸಿಕೊಂಡು ತವಾಯಫರನ್ನು ಹೊರಗಿಡಲು ಹೊರಟಿತ್ತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಪ್ರಸಾರ ಖಾತೆ ಸರ್ದಾರ್ ಪಟೇಲರ ಕೈಯಲ್ಲಿದ್ದಾಗ, ಖಾಸಗಿ ಜೀವನದ ಬಗ್ಗೆ ಅಪವಾದವಿದ್ದವರಿಗೆ ಆಕಾಶವಾಣಿಯಲ್ಲಿ ಹಾಡಲು ಅವಕಾಶವಿಲ್ಲವೆಂಬ ನಿಯಮ ಬಂತು. ‘ಬಾಯಿ’ಗಳು ‘ದೇವಿ’ಗಳಾಗತೊಡಗಿದ ಕಾಲ ಅದು. ರಸೂಲನ್ ಮಾತ್ರ ‘ಬಾಯಿ’ಯಾಗಿಯೇ ಉಳಿದರು. 1957ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 1969ರ ಗಲಭೆಯಲ್ಲಿ ಅಹಮದಾಬಾದಿನ ಅವರ ಮನೆ ಸುಟ್ಟುಹೋಯಿತು. 1974ರಲ್ಲಿ ಅವರು ತೀರಿಕೊಂಡರು.

ಇಲ್ಲಿ ರೆಕಾರ್ಡು ಎರಡು ಕೆಲಸ ಮಾಡಿದೆ. ಠುಮ್ರಿಯನ್ನು ಮೂರು ನಿಮಿಷಕ್ಕೆ ಕತ್ತರಿಸಿದ್ದೂ ಅದೇ, ಗಾಯಕಿ ಮುಂದೆ ಹಾಡದೆ ಬಿಟ್ಟ ಪದವನ್ನು ಕಾಪಿಟ್ಟದ್ದೂ ಅದೇ. ಬಾಯಿಂದ ಬಾಯಿಗೆ ಸಾಗುವ ಹಾಡಿನಲ್ಲಿ ಒಂದು ಪದ ಬಿದ್ದುಹೋದರೆ ಗುರುತೂ ಉಳಿಯುವುದಿಲ್ಲ. 1935ರಲ್ಲಿ ಆ ಪ್ಲೇಟನ್ನು ಇಷ್ಟಪಟ್ಟು ಕೊಂಡ, ಆಮೇಲೆ ಎಸೆಯದೆ ಇಟ್ಟುಕೊಂಡ ಕೇಳುಗರಿಂದಾಗಿ ಹಳೆಯ ಹಾಡಿಗೆ ಸಾಕ್ಷಿ ಉಳಿದಿದೆ.

ವಾರದ ಆಯ್ಕೆ ಎಂಬ ಸಣ್ಣ ಕೆಲಸದ ತೂಕ ಇರುವುದು ಇಲ್ಲಿ. ಇಂದು ಸೋಸುವ ಕೆಲಸವನ್ನು ಪಂಚಾಂಗವೂ ಮಾಡುವುದಿಲ್ಲ, ಅಂಗಡಿಗೆ ಬರುವ ಪಟ್ಟಿಯೂ ಮಾಡುವುದಿಲ್ಲ. ಹಿಂದೆ ಕೇಳಿದ್ದರ ಲೆಕ್ಕ ಹಿಡಿದು ಮುಂದಿನದನ್ನು ಕೊಡುವ ಯಂತ್ರ ಮಾಡುತ್ತದೆ. ಕೇಳಿದ್ದನ್ನೇ ಹೋಲುವ ಹಾಡುಗಳು ಮತ್ತೆ ಮತ್ತೆ ಮೇಲೆ ಬರುತ್ತವೆ. ಹೀಗಿರುವಾಗ ಒಬ್ಬ ರಸಿಕ ತನ್ನ ಕಿವಿಯನ್ನೇ ನಂಬಿ, ಪಟ್ಟಿಯ ತಳದಲ್ಲಿದ್ದ ಒಂದು ಹಾಡನ್ನು ಹೆಕ್ಕಿ, ಇದನ್ನು ಏಕೆ ಕೇಳಬೇಕೆಂದು ಎರಡು ಸಾಲು ಬರೆದು ನಾಲ್ಕು ಜನರಿಗೆ ಕಳಿಸಿದರೆ, ಅದು ಹಳೆಯ ಫರ್ಮಾಯಿಶಿನ ಮುಂದುವರಿಕೆ. ರಸೂಲನ್ ಬಾಯಿಯ ಎರಡೂ ರೂಪಗಳನ್ನು ಒಂದಾದ ಮೇಲೊಂದು ಕೇಳಿ ನೋಡಿದರೆ, ಯಾರೋ ಎಂದೋ ಮಾಡಿದ ಆಯ್ಕೆಯೊಂದು ಹಾಡಿನ ಅರ್ಥವನ್ನು ಎಷ್ಟು ದೂರ ಒಯ್ಯಬಲ್ಲದು ಎಂಬುದು ಒಂದೇ ಪದದಲ್ಲಿ ತಿಳಿಯುತ್ತದೆ.